ಕಾರ್ಟಿಸಾಲ್ ವರದಿಗೆ ಸಹಿ ಹಾಕುವ ಮುನ್ನ

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ತಯಾರಿಸುವ ಹಾರ್ಮೋನು ಕಾರ್ಟಿಸಾಲ್. ಅದು ಸಾಲದಿರುವ ಅಡ್ರಿನಲ್ ಕೊರತೆಯ ಅನುಮಾನದಿಂದ ನಮ್ಮ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಬಂದ ಮಾದರಿಯಲ್ಲಿ ನಾನು ಮೊದಲು ಹುಡುಕುವುದು ರಕ್ತ ತೆಗೆದ ಹೊತ್ತು. ಈ ಹಾರ್ಮೋನು ಬೆಳಿಗ್ಗೆ ಏರಿ ನಡುರಾತ್ರಿಯ ಹೊತ್ತಿಗೆ ತೀರಾ ಇಳಿದಿರುತ್ತದೆ. ಸಂಜೆ ತೆಗೆದ ರಕ್ತದಲ್ಲಿ ಡೆಸಿಲೀಟರಿಗೆ 4 ಮೈಕ್ರೋಗ್ರಾಂ ಇದ್ದರೆ ಅದು ಸಹಜವೇ ಇರಬಹುದು. ಬೆಳಿಗ್ಗೆ 8ಕ್ಕೆ ಅದೇ 4 ಬಂದರೆ ಕೂಡಲೇ ವೈದ್ಯರಿಗೆ ಫೋನ್ ಮಾಡುತ್ತೇನೆ. ಹೊತ್ತು ಬರೆಯದ ಮಾದರಿಗೆ ವರದಿ ಕೊಡಲು ನನಗೆ ಮನಸ್ಸೇ ಬರುವುದಿಲ್ಲ.

ಆಮೇಲೆ ಔಷಧಿಯ ವಿಚಾರಣೆ. ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನುಂಗಿದವರ ರಕ್ತದಲ್ಲಿ ಅನೇಕ ಇಮ್ಯುನೊಅಸ್ಸೇಗಳು (ಪ್ರತಿಕಾಯ ಬಳಸಿ ಅಳೆಯುವ ಕಿಟ್‌ಗಳು) ಆ ಮಾತ್ರೆಯನ್ನೇ ಕಾರ್ಟಿಸಾಲ್ ಎಂದು ಓದಿಬಿಡುತ್ತವೆ. ಈಸ್ಟ್ರೋಜನ್ ಮಾತ್ರೆ ಕಾರ್ಟಿಸಾಲನ್ನು ಹೊರುವ ಪ್ರೋಟೀನನ್ನು ಹೆಚ್ಚಿಸುವುದರಿಂದ ಒಟ್ಟು ಅಂಕಿ ಏರಿ ಕೊರತೆ ಮುಚ್ಚಿಹೋಗಬಹುದು. "ಸ್ಟೀರಾಯ್ಡ್ ತಗೋತೀರಾ?" ಎಂದರೆ ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಇನ್‌ಹೇಲರ್, ಚರ್ಮದ ಮುಲಾಮು, ಕೀಲಿಗೆ ಹಾಕಿಸಿಕೊಂಡ ಇಂಜೆಕ್ಷನ್ ಎಂದು ಒಂದೊಂದಾಗಿ ಕೇಳಿದಾಗಲೇ ಉತ್ತರ ಹೊರಬೀಳುತ್ತದೆ.

ಬೆಳಗಿನ ಮಟ್ಟ 3ಕ್ಕಿಂತ ಕೆಳಗಿದ್ದರೆ ಕೊರತೆಯ ಸಾಧ್ಯತೆ ಬಹಳ ಹೆಚ್ಚು. 15ರ ಮೇಲಿದ್ದರೆ ತೀರಾ ಕಡಿಮೆ. ನಡುವೆ ಸಿಕ್ಕಿಕೊಂಡವರಿಗೆ ಸಿನಾಕ್ಥೆನ್ (ಅಡ್ರಿನಲನ್ನು ಪ್ರಚೋದಿಸುವ ಕೃತಕ ಹಾರ್ಮೋನು) ಪರೀಕ್ಷೆ: ಅದರ 250 ಮೈಕ್ರೋಗ್ರಾಂ ಚುಚ್ಚುಮದ್ದು, ಅದಕ್ಕೆ ಮೊದಲು ಒಮ್ಮೆ, ನಂತರ 30 ಮತ್ತು 60ನೇ ನಿಮಿಷಕ್ಕೆ ರಕ್ತ. ಉತ್ತುಂಗ 18 ದಾಟಬೇಕೆಂಬ ನಿಯಮ ಹಳೆಯ ಕಿಟ್‌ಗಳ ಕಾಲದ್ದು. ಕಾರ್ಟಿಸಾಲನ್ನಷ್ಟೇ ನಿಖರವಾಗಿ ಹಿಡಿಯುವ ಹೊಸ ಕಿಟ್‌ಗಳಲ್ಲೂ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲೂ 14–15 ಸಾಕಾಗುತ್ತದೆ. ಹೊಸ ಕಿಟ್ ಇಟ್ಟುಕೊಂಡು ಹಳೆಯ ಗಡಿಯನ್ನೇ ಹಿಡಿದರೆ ಆರೋಗ್ಯವಂತರಿಗೂ ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಜೀವನಪೂರ್ತಿ ಅಂಟುತ್ತದೆ. ಹಾಗಾಗಿ ನಾನು ವರದಿಯಲ್ಲೇ ವಿಧಾನವನ್ನೂ ಅದರ ಗಡಿಯನ್ನೂ ನಮೂದಿಸುತ್ತೇನೆ. ಅಡ್ರಿನಲ್‌ಗೆ ಆಜ್ಞೆ ಕೊಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಾಗಿದ್ದರೆ ಉತ್ತಮ ಫಲಿತಾಂಶವನ್ನೂ ನಂಬುವುದಿಲ್ಲ. ಆಜ್ಞೆ ನಿಂತಿದ್ದರೂ ಅಡ್ರಿನಲ್ ಗ್ರಂಥಿ ಇನ್ನೂ ಸೊರಗಿರುವುದಿಲ್ಲ, ಚುಚ್ಚುಮದ್ದಿಗೆ ಸ್ಪಂದಿಸಿಬಿಡುತ್ತದೆ.

ದೋಷ ಅಡ್ರಿನಲ್‌ನದೋ ಪಿಟ್ಯುಟರಿಯದೋ ಎಂದು ತೋರಿಸುವುದು ಎಸಿಟಿಎಚ್, ಅಂದರೆ ಅಡ್ರಿನಲನ್ನು ಪ್ರಚೋದಿಸುವ ಪಿಟ್ಯುಟರಿ ಹಾರ್ಮೋನು. ಅದು ಬೇಗ ಕೆಡುವ ವಸ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬು ಮಂಜುಗಡ್ಡೆಯಲ್ಲೇ ಬರಬೇಕು, ತಂಪು ಸೆಂಟ್ರಿಫ್ಯೂಜಿನಲ್ಲಿ ಬೇಗನೆ ತಿರುಗಬೇಕು. ಕಾರ್ಟಿಸಾಲ್ ಕಡಿಮೆಯಿದ್ದು ಎಸಿಟಿಎಚ್ ಮೇಲ್ಮಿತಿಯ ಎರಡು ಪಟ್ಟು ದಾಟಿದ್ದರೆ ದೋಷ ಅಡ್ರಿನಲ್‌ನದೇ. ಆಗ ದೇಹದ ಉಪ್ಪಿನ ಸಮತೋಲ ಕಾಯುವ ರೆನಿನ್, ಆಲ್ಡೋಸ್ಟಿರೋನ್‌ಗಳನ್ನೂ, ದೇಹವೇ ಅಡ್ರಿನಲ್ ಮೇಲೆ ದಾಳಿ ಮಾಡುತ್ತಿದೆಯೇ ಎಂದು ತಿಳಿಸುವ 21-ಹೈಡ್ರಾಕ್ಸಿಲೇಸ್ ಪ್ರತಿಕಾಯಗಳನ್ನೂ ನೋಡಲು ಸೂಚಿಸುತ್ತೇನೆ.

ರಕ್ತದೊತ್ತಡ ಕುಸಿದು, ಸೋಡಿಯಂ ಇಳಿದು, ಪೊಟ್ಯಾಸಿಯಂ ಏರಿದ ರೋಗಿಯ ವಿಷಯ ಬೇರೆ. ಕಾರ್ಟಿಸಾಲ್, ಎಸಿಟಿಎಚ್‌ಗೆ ರಕ್ತ ಎಳೆದುಕೊಂಡು ಆ ಕ್ಷಣವೇ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಕೊಡಿ ಎನ್ನುತ್ತೇನೆ. ನನ್ನ ವರದಿಗಾಗಿ ಕಾಯುವಂತಿಲ್ಲ.