ಹೆರಿಗೆ ಸಾವಿನ ಪರಿಶೀಲನೆ: ಫಿಜಿಷಿಯನ್‌ಗೂ ಒಂದು ಕುರ್ಚಿ ಹಾಕಿ

ಬಸುರಿಯಾಗಿದ್ದಾಗ ಅಥವಾ ಹೆರಿಗೆಯಾಗಿ 42 ದಿನದೊಳಗೆ ತಾಯಿ ತೀರಿಕೊಂಡರೆ ಆಸ್ಪತ್ರೆ ಆ ಸಾವನ್ನು ಪರಿಶೀಲಿಸಬೇಕು. ಕೇಂದ್ರ ಸರ್ಕಾರದ 2017ರ ಮಾರ್ಗಸೂಚಿ ಇರುವುದೇ ಇದಕ್ಕೆ. ಆದರೆ ಆ ಸಭೆಯಲ್ಲಿ ಪ್ರಸೂತಿ ತಜ್ಞರಷ್ಟೇ ಕೂತರೆ ಸಾಲದು. ತಾಯಂದಿರ ಜೀವ ತೆಗೆಯುವುದು ರಕ್ತಸ್ರಾವ, ನಂಜು ಮಾತ್ರ ಅಲ್ವಲ್ಲ. ಹೃದಯದ ಕವಾಟದ ತೊಂದರೆ, ಡೆಂಗಿ, ಕಾಮಾಲೆ ಕೂಡ ಇವೆ. ಇವನ್ನು ಓದಬಲ್ಲ ಕಣ್ಣು ಫಿಜಿಷಿಯನ್‌ದು, ಅಂದರೆ ಇಂಥ ಕಾಯಿಲೆಗಳನ್ನು ನೋಡುವ ಸಾಮಾನ್ಯ ವೈದ್ಯಕೀಯ ತಜ್ಞರದು.

ಮೊದಲು ದಾಖಲೆ ಕೂಡಿಸಿ. ಕೇಸ್ ಶೀಟ್, ಪಾರ್ಟೋಗ್ರಾಫ್ (ಹೆರಿಗೆ ನೋವು ಹೇಗೆ ಸಾಗಿತು ಎಂದು ಗುರುತಿಸುವ ನಕ್ಷೆ), ಅರಿವಳಿಕೆ ದಾಖಲೆ, ರೆಫರಲ್ ಚೀಟಿ, ರಕ್ತನಿಧಿಯ ರಿಜಿಸ್ಟರ್. ಪ್ರತಿಗಳಲ್ಲಿ ತಾಯಿಯ ಹೆಸರು, ಸಿಬ್ಬಂದಿಯ ಹೆಸರು ಮುಚ್ಚಿ. ಕೇರಳದಲ್ಲಿ 2004ರಿಂದ ನಡೆದಿರುವ ಗೋಪ್ಯ ಪರಿಶೀಲನೆಯ ಜೀವಾಳ ಇದೇ. ಹೆಸರಿದ್ದರೆ ಎಲ್ಲರೂ ತಪ್ಪಿತಸ್ಥರನ್ನು ಹುಡುಕಲು ಹೊರಡುತ್ತಾರೆ.

ಸಭೆಗೆ ಮೂರ್ನಾಲ್ಕು ದಿನ ಮೊದಲೇ ಪ್ರತಿಗಳನ್ನು ಫಿಜಿಷಿಯನ್‌ಗೆ, ಅರಿವಳಿಕೆ ತಜ್ಞರಿಗೆ ಕೊಡಿ. ಸಭೆಯ ದಿನ ಸುಮ್ನೆ ಕರೆದು ಕೂರಿಸಿದರೆ ಅವರು ಸಹಿ ಹಾಕಿ ಹೋಗುತ್ತಾರೆ, ಅಷ್ಟೇ.

ಆಮೇಲೆ ಬಿಳಿ ಹಲಗೆಯ ಮೇಲೆ ಗಂಟೆ ಗಂಟೆಯ ಲೆಕ್ಕ ಬರೆಯಿರಿ. ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಒಂದು ಉದಾಹರಣೆ ನೋಡೋಣ. ರಾತ್ರಿ 2.10ಕ್ಕೆ ಬಿ.ಪಿ. 160/110. ಮುಂದಿನ ದಾಖಲೆ 4.30ಕ್ಕೆ, ಫಿಟ್ಸ್ ಬಂದ ಮೇಲೆ. ನಡುವಿನ ಎರಡು ಗಂಟೆ ಇಪ್ಪತ್ತು ನಿಮಿಷ ಖಾಲಿ. ಬಿ.ಪಿ. ಇಳಿಸುವ ಔಷಧ, ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ವಾರ್ಡಿನಲ್ಲಿತ್ತೇ? ಡ್ಯೂಟಿಯಲ್ಲಿ ನರ್ಸ್ ಎಷ್ಟು ಜನ? ಫೋನ್ ಹೋಯಿತೇ? ನರ್ಸ್‌ಗಳನ್ನೇ ಮೊದಲು ಮಾತಾಡಿಸಿ. ಹಿರಿಯ ವೈದ್ಯರು ಬಾಯಿ ತೆರೆದ ಮೇಲೆ ಅವರು ಸುಮ್ಮನಾಗುತ್ತಾರೆ.

ಸಾವಿನ ಕಾರಣದ ಜಾಗದಲ್ಲಿ 'ಹೃದಯ ಸ್ತಂಭನ' ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ಸಾಯುವಾಗ ಎಲ್ಲರ ಹೃದಯವೂ ನಿಲ್ಲುತ್ತದೆ. ಅದಕ್ಕೂ ಮುಂಚೆ ಏನಾಗಿತ್ತು? ಏಳನೇ ತಿಂಗಳಲ್ಲೇ 'ಮಲಗಿದರೆ ಉಸಿರು ಕಟ್ಟುತ್ತೆ' ಎಂದಿದ್ದಳೇ? ಬಸುರಿಯಲ್ಲಿ ಇದೆಲ್ಲ ಸಹಜ ಎಂದು ಕಳಿಸಿದ್ದರೇ? ಆಗ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದರೆ ಕವಾಟ ಕಿರಿದಾಗಿದ್ದು ಕಾಣುತ್ತಿತ್ತೇ? ಈ ಪ್ರಶ್ನೆಗಳನ್ನು ಫಿಜಿಷಿಯನ್ ಕೇಳಲಿ.

ಸಾವಿನ ಬಾಗಿಲಿಗೆ ಹೋಗಿ ಬದುಕಿ ಬಂದ ತಾಯಂದಿರ ಕೇಸ್‌ಗಳನ್ನೂ ಹೀಗೇ ನೋಡಿ. ಏನು ಕೈಹಿಡಿಯಿತು ಎಂದು ಹೇಳಲು ಅಲ್ಲಿ ತಾಯಿಯೇ ಇರುತ್ತಾಳೆ.

ಕೊನೆಗೆ 'ಸಿಬ್ಬಂದಿ ಎಚ್ಚರ ವಹಿಸಬೇಕು' ಎಂದು ಬರೆದು ಎದ್ದು ಹೋಗಬೇಡಿ. ಬಿ.ಪಿ. 160/110 ಮುಟ್ಟಿದರೆ ಫಿಜಿಷಿಯನ್‌ಗೆ ಯಾರು ಫೋನ್ ಮಾಡಬೇಕು, ಅವರು ಎಷ್ಟು ನಿಮಿಷದಲ್ಲಿ ಬರಬೇಕು ಎಂದು ಬರೆದು ಲೇಬರ್ ರೂಮಿನ ಗೋಡೆಗೆ ಅಂಟಿಸಿ. ಮುಂದಿನ ತಿಂಗಳ ಸಭೆಗೆ ಕೂರುವ ಮುಂಚೆ ಒಮ್ಮೆ ಅಲ್ಲಿಗೆ ಹೋಗಿ, ಆ ಚೀಟಿಯ ನಂಬರಿಗೆ ಫೋನ್ ಮಾಡಿ ನೋಡಿ.