ಲೋಗೋ ಬಿಟ್ಟು ತಾರೀಖಿನ ಕಿಟಕಿ ನೋಡಿ: ಹಳೇ ವಾಚು ಕೊಳ್ಳುವ ನನ್ನ ಅನುಭವ

ಡಯಲ್ ಬಿಚ್ಚದೆ ವಾಚು ಒರಿಜಿನಲ್ಲೋ ರೀಡಯಲ್ಲೋ (ಅಂದರೆ ಹಳೇ ಡಯಲಿಗೆ ಹೊಸ ಬಣ್ಣ ಹೊಡೆದು ಮತ್ತೆ ಪ್ರಿಂಟ್ ಮಾಡಿದ್ದೋ) ಹೇಳೋಕಾಗಲ್ಲ ಅಂತ ಹಳೇ ವಾಚು ಕೊಳ್ಳುವ ನಮ್ಮ ಬಳಗದವರು ಬಹಳ ದಿನ ವಾದ ಮಾಡಿದರು. ಆಗುತ್ತದೆ ಸ್ವಾಮಿ. ಹತ್ತರಲ್ಲಿ ಎಂಟು ಸಲವಾದರೂ ಆಗುತ್ತದೆ. ಎರಡು ಮೂರು ವರ್ಷದಿಂದ ನಾನು ಹೀಗೇ ಕೊಳ್ಳುತ್ತಿದ್ದೇನೆ. ಆಗ ನಕ್ಕವರು ಈಗ ಕೊಳ್ಳುವ ಮುಂಚೆ ನನಗೆ ಫೋಟೋ ಕಳಿಸುತ್ತಾರೆ.

ಎಲ್ಲರೂ ಮೊದಲು ಲೋಗೋ ನೋಡುತ್ತಾರೆ. ಅಕ್ಷರ ಸೊಟ್ಟ ಇದೆಯಾ, ದಪ್ಪ ಇದೆಯಾ ಅಂತ. ಇದು ರೀಡಯಲ್ ಮಾಡುವವನಿಗೂ ಗೊತ್ತು. ಅವನ ಕೈಚಳಕವೆಲ್ಲ ಅಲ್ಲೇ ಖರ್ಚಾಗಿರುತ್ತದೆ. ನಾನು 6ರಿಂದ ಶುರು ಮಾಡುತ್ತೇನೆ. ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್ ತರಹದ ಸ್ವಿಸ್ ವಾಚಿನಲ್ಲಿ 6ರ ಕೆಳಗೆ, ಅಂಚಿಗೆ ಅಂಟಿಕೊಂಡಂತೆ, ‘ಸ್ವಿಸ್ ಮೇಡ್’ ಅಂತಲೋ ಬರೀ ‘ಸ್ವಿಸ್’ ಅಂತಲೋ ಕಣ್ಣಿಗೆ ಕಾಣದಷ್ಟು ಸಣ್ಣಗೆ ಸಾಮಾನ್ಯವಾಗಿ ಇರುತ್ತದೆ. ಆ ಸಾಲು ಇಲ್ಲದಿದ್ದರೆ, ಅಥವಾ ದಪ್ಪಗಿದ್ದು ನಿಮಿಷದ ಗೆರೆಗಳಿಗೆ ಡಿಕ್ಕಿ ಹೊಡೆದಿದ್ದರೆ, ಅರ್ಧ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಉಳಿದರ್ಧ ತಾರೀಖಿನ ಕಿಟಕಿಯಲ್ಲಿದೆ. ಹಳೇ ಬಣ್ಣ ಕೆರೆದು ಉಜ್ಜಿ ತೆಗೆಯುವಾಗ ಕಿಟಕಿಯ ನಾಲ್ಕು ಮೂಲೆ ಸವೆಯುತ್ತವೆ. ಮೇಲೆ ಹೊಸ ಬಣ್ಣ, ಅದರ ಮೇಲೆ ವಾರ್ನಿಶ್ ಬಿದ್ದಾಗ ಅಂಚು ದುಂಡಗಾಗುತ್ತದೆ. ಕಾರ್ಖಾನೆಯ ಡಯಲಿನಲ್ಲಿ ಆ ಅಂಚು ಚೂಪಾಗಿ, ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ನಿಂತಿರುತ್ತದೆ. ಅಂಟಿಸಿದ ಗಂಟೆಯ ಕಡ್ಡಿಗಳ ಬುಡ ನೋಡಿದರೂ ಇದೇ ಕಥೆ. ಕಡ್ಡಿ ಕೀಳದೆ ಬಣ್ಣ ಹೊಡೆದಿದ್ದರೆ ಬುಡದಲ್ಲಿ ಬಣ್ಣ ಮಡುಗಟ್ಟಿರುತ್ತದೆ. ಸನ್‌ಬರ್ಸ್ಟ್ ಡಯಲಾದರೆ ಮಧ್ಯದಿಂದ ಹೊರಟ ಸಣ್ಣ ಗೆರೆಗಳು ಕಡ್ಡಿಯ ಹತ್ತಿರ ಬಂದು ಸತ್ತುಹೋಗಿರುತ್ತವೆ.

ಇದಕ್ಕೆ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐ ಗ್ಲಾಸ್ ಸಾಲುವುದಿಲ್ಲ. ನಾನು ಕೊಂಡಿದ್ದು ಯುಎಸ್‌ಬಿ ಮೈಕ್ರೋಸ್ಕೋಪ್, ಹೆಚ್ಚುಕಮ್ಮಿ 1,300 ರೂಪಾಯಿ. ಡಬ್ಬಿಯ ಮೇಲೆ ಸಾವಿರ ಪಟ್ಟು ಅಂತ ಬರೆದಿರುತ್ತಾರೆ, ಸುಮ್ನೆ. ಐವತ್ತರವತ್ತು ಪಟ್ಟು ಸಿಕ್ಕರೆ ಧಾರಾಳ. ಮೊಬೈಲಿಗೆ ಜೋಡಿಸಿ, ಗಾಜಿನ ಮೇಲಿಂದಲೇ ಅಕ್ಷರದ ಅಂಚು ನೋಡಿ. ಕಾರ್ಖಾನೆಯ ಪ್ರಿಂಟಿನಲ್ಲಿ ಮಸಿ ಸ್ವಲ್ಪ ಉಬ್ಬಿ ನಿಂತಿರುತ್ತದೆ, ಅಂಚು ನುಣುಪು. ಅಗ್ಗದ ಸ್ಕ್ರೀನ್ ಪ್ರಿಂಟಿನಲ್ಲಿ ಅಂಚು ಗರಗಸದ ಹಲ್ಲಿನ ಹಾಗೆ ಮೆಟ್ಟಿಲು ಮೆಟ್ಟಿಲು. ಒಂದು ಸಲ ನೋಡಿದರೆ ಆಮೇಲೆ ಮರೆಯೋಕಾಗಲ್ಲ. ಗಾಜು ಗೀಚಿಹೋಗಿದ್ದರೆ ಮಾತ್ರ ಏನೂ ಕಾಣುವುದಿಲ್ಲ. ಅಂಥ ಗಾಜಿಗೆ ಏನು ಹಚ್ಚಿ, ಬೆಳಕನ್ನು ಯಾವ ಕಡೆಯಿಂದ ಬಿಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಭಾನುವಾರದ ಸಂತೆಯಲ್ಲಿ ನನಗೂ ನಾಲ್ಕು ವಾಚು ಉಳಿಯಬೇಕಲ್ವಾ.

ಇಲ್ಲಿಗೆ ಬರುವ ಮುಂಚೆ ಕೈಕೊಟ್ಟ ಉಪಾಯಗಳು ಬೇಕಾದಷ್ಟಿವೆ. ಯುವಿ ಟಾರ್ಚಿಗೆ 400 ಹೋಯಿತು. ಕತ್ತಲಲ್ಲಿ ಹೊಳೆಯಲೆಂದು ಹಚ್ಚಿದ ಹಳೇ ಟ್ರೀಷಿಯಂ ಬಣ್ಣ ಟಾರ್ಚ್ ತೆಗೆದ ಕೂಡಲೇ ಆರುತ್ತದೆ, ಹೊಸ ಬಣ್ಣ ಹೊಳೆಯುತ್ತಲೇ ಇರುತ್ತದೆ, ನಿಜ. ಆದರೆ ಇಲ್ಲಿ ಸಿಗುವ ವಾಚುಗಳಲ್ಲಿ ಎಷ್ಟಕ್ಕೆ ಹೊಳೆಯುವ ಬಣ್ಣವೇ ಇದೆ? ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪ್ರಿಂಟ್ ಬಂದರೆ ರೀಡಯಲ್ ಅನ್ನುತ್ತಾರೆ. ಗುಜರಿಗೆ ಹೋಗುವ ಒಂದು ಒರಿಜಿನಲ್ ಡಯಲ್, ಒಂದು ರೀಡಯಲ್ ಎರಡನ್ನೂ ಒರೆಸಿದೆ. ಎರಡರದ್ದೂ ಪ್ರಿಂಟ್ ಬಂತು. ಆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಟಿಕ್ ಟಿಕ್ ಸದ್ದು ಕೇಳಿ ಅಳೆಯುವ ಮೊಬೈಲಿನ ಟೈಮ್‌ಗ್ರಾಫರ್ ಆ್ಯಪ್, ವಾಚಿನೊಳಗಿನ ಮಷಿನ್ ಹೇಗೆ ಓಡುತ್ತಿದೆ ಅಂತ ಹೇಳುತ್ತದೆ ಅಷ್ಟೇ. ಮುಖದ ಮೇಲಿನ ಬಣ್ಣ ಯಾರದ್ದು ಅಂತ ಅದಕ್ಕೇನು ಗೊತ್ತು?

ಒಂದು ಹುಚ್ಚು ಪ್ರಯೋಗವೂ ಆಯಿತು. ಗೆಳೆಯನೊಬ್ಬ ವಿಕಿರಣ ಅಳೆಯುವ ಗೈಗರ್ ಮೀಟರ್ ತಂದಿದ್ದ. ಹಳೇ ವೆಸ್ಟ್ ಎಂಡ್ ಸೋವಾರ್ ಪ್ರೈಮಾ ಹತ್ತಿರ ಹಿಡಿದರೆ ಟಿಕ್ ಟಿಕ್ ಅಂತ ಬಡಿದುಕೊಂಡಿತು. ಹಳೇ ಕಾಲದ ಹೊಳೆಯುವ ಬಣ್ಣದ ರೇಡಿಯಂ ಇದೆ, ಹಾಗಾದರೆ ಡಯಲ್ ಹಳೇದೇ ಅಂತ ಖುಷಿಪಟ್ಟೆವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಡಯಲ್ ಪಕ್ಕಾ ರೀಪ್ರಿಂಟ್. ರೇಡಿಯಂ ಇದ್ದಿದ್ದು ಮುಳ್ಳುಗಳಲ್ಲಿ! ರೇಡಿಯಂ ಅರ್ಧ ಆಗೋಕೆ ಸುಮಾರು 1,600 ವರ್ಷ ಬೇಕು. ಹೊಳಪು ಸತ್ತರೂ ವಿಷ ಸಾಯುವುದಿಲ್ಲ. ಆ ಪುಡಿಯನ್ನು ಕೆರೆಯೋಕೆ ಹೋಗಬೇಡಿ.

ಇಷ್ಟೊಂದು ಸ್ವಿಸ್ ವಾಚು ನಮ್ಮಲ್ಲಿ ಓಡಾಡುವುದಕ್ಕೆ ಕಾರಣ ಇದೆ. ಫಾವ್ರ್ ಲ್ಯೂಬಾ 1865ರಲ್ಲೇ ಬಾಂಬೆಗೆ ಬಂದಿತ್ತು, ವೆಸ್ಟ್ ಎಂಡ್ 1886ರಲ್ಲಿ. ಅಜ್ಜಂದಿರ ಕೈಯಲ್ಲಿ ಬೆವರು ಕುಡಿದ ಡಯಲುಗಳಿಗೆ ಬಣ್ಣ ಹೊಡೆಯುವ ಕೆಲಸ ಮುಂಬೈಯಲ್ಲಿ ಕಸುಬಾಗಿಯೇ ಬೆಳೆಯಿತು. ಮಳೆಗಾಲದ ತೇವ ಯಾವ ಡಯಲನ್ನೂ ಬಿಡುವುದಿಲ್ಲ. ಆದ್ದರಿಂದ 60ರ ದಶಕದ ವಾಚಿನ ಮುಖ ಫಳಫಳ ಹೊಳೆದರೆ ಎಲ್ಲರೂ ರೀಡಯಲ್ ಅಂತ ತಳ್ಳಿಬಿಡುತ್ತಾರೆ. ನನಗೆ ಲಾಭ ಆಗಿದ್ದೇ ಅಲ್ಲಿ.

ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಫಾವ್ರ್ ಲ್ಯೂಬಾದ ಒಂದು ಸೀ ಚೀಫ್ ಇತ್ತು. ಮಾರುವವನು 3,500 ಹೇಳಿದ. ಜೊತೆಗಿದ್ದವರು “ಬೇಡ ಗುರು, ಇಷ್ಟು ಕ್ಲೀನಾಗಿದೆ ಅಂದ್ರೆ ಬಣ್ಣ ಹೊಡೆದಿದ್ದೇ” ಅಂದರು. ಕಿಟಕಿ ನೋಡಿದೆ, ಅಂಚು ಚೂಪು. ಮರಳುಗಡಿಯಾರದ ಆಕಾರದ ಲೋಗೋ ಅಂಟಿಸಿದ್ದು, ಪ್ರಿಂಟಲ್ಲ. ಬೆಲ್ಟು ಸಿಕ್ಕಿಸುವ ಕೇಸಿನ ಕಿವಿಗಳು ಉಜ್ಜಿ ಹೊಳಪು ಕೊಡುವ ಬಫಿಂಗ್ ಮಷಿನ್ ಕಂಡಿರಲಿಲ್ಲ, ಬೆಲ್ಟಿನ ಪಿನ್ ತೂತುಗಳು ದುಂಡಗೇ ಇದ್ದವು. ಚೌಕಾಸಿ ಮಾಡಿ 2,800ಕ್ಕೆ ತಂದೆ. ರಿಪೇರಿಯವರು ಬಿಚ್ಚಿದಾಗ ಡಯಲಿನ ಬೆನ್ನು ಯಾರೂ ಮುಟ್ಟದ ಹಾಗಿತ್ತು, ಅದನ್ನು ಮಷಿನ್ನಿಗೆ ಕೂರಿಸುವ ಎರಡು ಕಾಲೂ ಗಟ್ಟಿ, ಅಂಟಿನ ಗುರುತಿಲ್ಲ. ಆಯಿಲಿಂಗಿಗೆ 700 ಆಯಿತು. ಮಾರಿದ್ದು ಏಳೂವರೆ ಸಾವಿರದ ಹತ್ತಿರ. ಬೇಡ ಅಂದಿದ್ದವರಲ್ಲೇ ಒಬ್ಬರು ಕೊಂಡರು, ಹೆಸರು ಹೇಳಲ್ಲ.

ನಷ್ಟವೂ ಆಗಿದೆ. ಊರಾಚೆಯ ಒಬ್ಬ ಮಾರಾಟಗಾರ ಚೆಂದದ ಡಯಲಿನ ಫೋಟೋ ತೋರಿಸಿ ಬೇರೆ ಡಯಲ್ ಹಾಕಿ ಕಳಿಸಿದ. ನಾಲ್ಕು ಸಾವಿರ ಚಿಲ್ಲರೆ ವಾಪಸ್ ಬರಲೇ ಇಲ್ಲ. ಈಗ ವಿಡಿಯೋ ಕಾಲಿನಲ್ಲಿ, ಸೆಕೆಂಡಿನ ಮುಳ್ಳು ಓಡುತ್ತಿರುವಾಗಲೇ, ಕಿಟಕಿ ತೋರಿಸದಿದ್ದರೆ ದುಡ್ಡು ಕಳಿಸುವುದಿಲ್ಲ.

ನಮ್ಮ ಎಚ್‌ಎಂಟಿ ವಿಷಯ ಬೇರೆ. ಕಿತ್ತಳೆ ಬಣ್ಣದ ಪೈಲಟ್ ಮಾಡೆಲ್ ಕಂಡರೆ ಮೈಕ್ರೋಸ್ಕೋಪೂ ಬೇಡ, ರೀಡಯಲ್ ಅಂದುಕೊಂಡು ಮುಂದೆ ನಡೆಯಿರಿ. ಕಷ್ಟ ಬರುವುದು ಜನತಾ ಮಾಡೆಲಿನಲ್ಲಿ. ತಾರೀಖಿಲ್ಲ, ಕಿಟಕಿಯೂ ಇಲ್ಲ. ಅದರ ಮೇಲೆ 2016ರಲ್ಲಿ ಸರ್ಕಾರ ವಾಚ್ ಕಂಪನಿ ಮುಚ್ಚಲು ಒಪ್ಪಿದ ಮೇಲೂ ಕಂಪನಿಯದ್ದೇ ಬಳಸದ ಬಿಡಿ ಡಯಲುಗಳು ಕೈಯಿಂದ ಕೈಗೆ ಓಡಾಡುತ್ತಿವೆ. ಮೂವತ್ತು ವರ್ಷ ಸವೆದ ಕೇಸಿನೊಳಗೆ ಅಂಥ ಡಯಲ್ ಕೂರಿಸಿದರೆ ಪ್ರಿಂಟ್ ನೂರಕ್ಕೆ ನೂರು ಅಸಲಿ, ವಾಚು ಮಾತ್ರ ಜೋಡಿಸಿದ್ದು. ಅಂಥದಕ್ಕೆ ನಾನು ಒರಿಜಿನಲ್ಲಿನ ಮುಕ್ಕಾಲು ರೇಟು ಕೊಡುತ್ತೇನೆ, ರೀಡಯಲ್ಲಿಗಾದರೆ ಮಷಿನ್ ಮತ್ತು ಕೇಸಿನ ಬೆಲೆ ಮಾತ್ರ.

ಕಿಟಕಿ ಇಲ್ಲದ ಸ್ವಿಸ್ ವಾಚಿನಲ್ಲಿ 6ರ ಹತ್ತಿರ ಸೆಕೆಂಡಿನ ಪುಟ್ಟ ಡಯಲ್ ಇದ್ದರೆ ಬದುಕಿದಿರಿ. ಎಷ್ಟೋ ವಾಚುಗಳಲ್ಲಿ ಅದರೊಳಗೆ ಕೂದಲೆಳೆಯಂಥ ಸುತ್ತು ಗೆರೆಗಳಿರುತ್ತವೆ. ಮೇಲೆ ಬಣ್ಣ ಬಿದ್ದರೆ ಮೊದಲು ಮುಚ್ಚಿಹೋಗುವುದು ಅವೇ.