ಹನ್ನೆರಡು ಜನಗಣತಿ, ಎರಡು ತಿರುವು: ಭಾರತದ ಬೆಳವಣಿಗೆ ದರವನ್ನು ಲೆಕ್ಕ ಹಾಕಿದ ಬಗೆ

ಭಾರತದ ಜನಸಂಖ್ಯೆಯ ಬೆಳವಣಿಗೆ ಎಲ್ಲೆಲ್ಲಿ ದಿಕ್ಕು ಬದಲಿಸಿತು ಎಂದು ಹುಡುಕಲು ನಾನು ಬಳಸಿದ್ದು 1901ರಿಂದ 2011ರವರೆಗಿನ ಹನ್ನೆರಡು ಜನಗಣತಿಗಳನ್ನಷ್ಟೇ. ವರ್ಷವಾರು ಸರಣಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಗಣತಿಗಳ ನಡುವಿನ ವರ್ಷಗಳಿಗೆ ಅಲ್ಲಿರುವುದು ಅಂದಾಜು. ಅದರ ಮೇಲೆ ಪರೀಕ್ಷೆ ನಡೆಸಿದರೆ ಗಣತಿಯ ವರ್ಷಗಳೇ ತಿರುವುಗಳಾಗಿ ಎದ್ದು ಬರುತ್ತವೆ, ಪಕ್ಕಪಕ್ಕದ ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಪರೀಕ್ಷೆ ಇಲ್ಲದ ಭರವಸೆಯನ್ನೂ ಕೊಡುತ್ತದೆ.

ಮೊದಲು ಗಡಿ ಸರಿಪಡಿಸಬೇಕು. 1941ರ ಅವಿಭಜಿತ ಭಾರತದ ಸುಮಾರು 38.9 ಕೋಟಿಯನ್ನು 1951ರ 36.1 ಕೋಟಿಯ ಪಕ್ಕ ಇಟ್ಟರೆ ಜನಸಂಖ್ಯೆ ಕುಸಿದಂತೆ ಕಾಣುತ್ತದೆ. ಇಂದಿನ ಗಡಿಗೆ ಹೊಂದಿಸಿದ 1941ರ ಅಂಕಿ 31.87 ಕೋಟಿ.

ಆಮೇಲೆ ದಿನಾಂಕ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. 1961 ಮತ್ತು 1981ರ ಗಣತಿಗಳ ಆಧಾರ ದಿನ, ಅಂದರೆ ಎಣಿಕೆ ಯಾವ ದಿನದ ಜನಸಂಖ್ಯೆಗೆ ಸಲ್ಲುತ್ತದೋ ಆ ದಿನ, ಮಾರ್ಚ್ 1. 1971ರದ್ದು ಮಾತ್ರ ಏಪ್ರಿಲ್ 1, ಆ ವರ್ಷ ಲೋಕಸಭೆಗೆ ಮಧ್ಯಂತರ ಚುನಾವಣೆ ಬಂದಿತ್ತು. ಎರಡು ಗಣತಿಗಳ ಲಾಗರಿದಮ್ ವ್ಯತ್ಯಾಸವನ್ನು (ಆ ಅವಧಿಯ ಒಟ್ಟು ಬೆಳವಣಿಗೆಯ ಅಳತೆ ಅದು) ಕಣ್ಣುಮುಚ್ಚಿ 10ರಿಂದ ಭಾಗಿಸಿದರೆ ವಾರ್ಷಿಕ ದರ 1961–71ಕ್ಕೆ ಶೇ. 2.22, 1971–81ಕ್ಕೆ ಶೇ. 2.20. ಅಂದರೆ ಇಳಿಕೆ ಶುರುವಾಯಿತು! 10.083 ಮತ್ತು 9.917 ವರ್ಷಗಳಿಂದ ಭಾಗಿಸಿದರೆ ಅವೇ ಅಂಕಿಗಳು ಅದಲುಬದಲಾಗಿ 2.20, 2.22 ಆಗುತ್ತವೆ. ಏರಿಕೆಯ ತುದಿ ಒಂದು ದಶಕ ಮುಂದೆ ಹೋಯಿತು, ಅದೂ ಒಂದೇ ತಿಂಗಳ ವ್ಯತ್ಯಾಸಕ್ಕೆ.

ಹೀಗೆ ಸಿಕ್ಕ ಹನ್ನೊಂದು ದರಗಳು: 0.56, –0.03, 1.04, 1.33, 1.25, 1.96, 2.20, 2.22, 2.14, 1.95, 1.63. ತಿರುವುಗಳು ಸರಣಿಯನ್ನು ಒಡೆದಾಗ ಸಿಗುವ ಪ್ರತಿ ಹಂತಕ್ಕೂ ಒಂದು ಸರಾಸರಿ, ಹಂತವೊಂದಕ್ಕೆ ಕನಿಷ್ಠ ಎರಡು ದಶಕ ಎಂಬ ನಿಯಮ ಇಟ್ಟು, ಸಾಧ್ಯವಿರುವ ಎಲ್ಲ ವಿಭಜನೆಗಳನ್ನೂ ಹೋಲಿಸಿದೆ. ತಿರುವೇ ಇಲ್ಲ ಎಂದರೆ ಶೇಷಗಳ ವರ್ಗಮೊತ್ತ (ದರಗಳು ತಮ್ಮ ಹಂತದ ಸರಾಸರಿಯಿಂದ ಎಷ್ಟು ದೂರ ಎಂಬುದರ ಅಳತೆ, ಕಡಿಮೆಯಾದಷ್ಟೂ ಹೊಂದಿಕೆ ಒಳ್ಳೆಯದು) 5.37. ಒಂದೇ ತಿರುವಾದರೆ ಅದು 1951ರಲ್ಲಿ, ಮೊತ್ತ 1.53. ಎರಡಾದರೆ 1921 ಮತ್ತು 1951, ಮೊತ್ತ 0.47. 1991ರಲ್ಲಿ ಮೂರನೆಯದನ್ನು ಸೇರಿಸಿದರೆ 0.31. ಹೆಚ್ಚು ತಿರುವು ಸೇರಿಸಿದ್ದಕ್ಕೆ ದಂಡ ಹಾಕಿ ಮಾದರಿಗಳನ್ನು ಹೋಲಿಸುವ ಅಳತೆ ಬಿಐಸಿ, ಕಡಿಮೆ ಇದ್ದಷ್ಟೂ ಒಳ್ಳೆಯದು; ಅದು ಎರಡು ತಿರುವಿಗೆ –20.4, ಮೂರಕ್ಕೆ –20.0. ಇಷ್ಟು ಕಡಿಮೆ ಅಂತರದಲ್ಲಿ ಇತ್ತೀಚಿನ ಇಳಿಕೆ ಇಲ್ಲ ಎಂದು ತೀರ್ಪು ಕೊಡುವುದು ತಪ್ಪು. ಹನ್ನೊಂದು ಬಿಂದುಗಳಿಗೆ ಅಷ್ಟು ಹೊರುವ ಶಕ್ತಿ ಇಲ್ಲ. ಆರ್ ಎಂಬ ಅಂಕಿಅಂಶ ತಂತ್ರಾಂಶದಲ್ಲಿ ತಿರುವು ಹುಡುಕುವ ಸ್ಟ್ರಕ್‌ಚೇಂಜ್ ಪ್ಯಾಕೇಜ್ ಬಳಸುವವರು ಕನಿಷ್ಠ ಹಂತದ ಉದ್ದವನ್ನು ತಾವೇ 2 ಎಂದು ಕೊಡಬೇಕು. ದೊಡ್ಡ ಸರಣಿಗಳಿಗೆಂದು ಮಾಡಿದ ಪಿ-ಮೌಲ್ಯಗಳನ್ನು (ತಿರುವು ಬರೀ ಆಕಸ್ಮಿಕವೇ ಎಂದು ಅಳೆಯುವ ಅಂಕಿಗಳನ್ನು) ಇಲ್ಲಿ ನಂಬಬಾರದು.

1921ರ ತಿರುವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. 1918ರ ಇನ್‌ಫ್ಲುಯೆಂಜಾ ಆ ದಶಕವನ್ನು ಸೊನ್ನೆಗಿಂತ ಕೆಳಗೆ ಎಳೆದಿದೆ. ಆ ದಶಕಕ್ಕೆ ಪ್ರತ್ಯೇಕ ಸೂಚಕ ಚರ ಕೊಟ್ಟರೆ, ಅಂದರೆ ಅದನ್ನು ವಿಶೇಷ ಸಂದರ್ಭವೆಂದು ಲೆಕ್ಕದಿಂದ ಬೇರ್ಪಡಿಸಿದರೆ, 1921ಕ್ಕೆ ಮುಂಚೆ ಉಳಿಯುವುದು 0.56 ಒಂದೇ. ಹಾಗಾಗಿ ಸಾವಿನ ಪ್ರಮಾಣ ಇಳಿದ ಇತಿಹಾಸವನ್ನೂ ಜೊತೆಗಿಟ್ಟುಕೊಂಡೇ ಅದನ್ನು ತಿರುವು ಎನ್ನುತ್ತೇನೆ, ಬರೀ ಅಂಕಿಯ ಬಲದಿಂದಲ್ಲ.

ಕೊನೆಯ ಇಳಿಕೆ ನಿಧಾನವಾಗಿ ಕಾಣುವುದಕ್ಕೆ ಕಾರಣ ರಾಜ್ಯಗಳಲ್ಲಿದೆ. ಕೇರಳದ ದಶಕದ ಬೆಳವಣಿಗೆ 1961–71ರಲ್ಲಿ ಶೇ. 26.29 ಇದ್ದದ್ದು ಮುಂದಿನ ದಶಕದಲ್ಲೇ 19.24ಕ್ಕೆ ಇಳಿಯಿತು. ಕರ್ನಾಟಕ 1971–81ರಲ್ಲಿ 26.75 ಮುಟ್ಟಿ, ಆಮೇಲೆ 21.12, 17.51, 15.60. ಉತ್ತರ ಪ್ರದೇಶ 1991–2001ರಲ್ಲೂ 25.85ರಲ್ಲಿದ್ದು ನಂತರ 20.23ಕ್ಕೆ ಬಂತು. ಬೇರೆ ಬೇರೆ ವರ್ಷ ಬಾಗಿದ ಗೆರೆಗಳನ್ನು ಕೂಡಿಸಿದರೆ ಮೊತ್ತದ ಗೆರೆ ನಯವಾಗಿಯೇ ಬಾಗುತ್ತದೆ. ಅದಕ್ಕೇ ಈಗ ರಾಜ್ಯವಾರು ಲೆಕ್ಕ ಮೊದಲು, ದೇಶದ್ದು ಆಮೇಲೆ. 1981ರಲ್ಲಿ ಅಸ್ಸಾಂನಲ್ಲೂ 1991ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲೂ ಗಣತಿ ನಡೆಯಲಿಲ್ಲ. ಆ ವರ್ಷಗಳ ಅಂಕಿ ಅಂದಾಜಾದ್ದರಿಂದ ಅವೆರಡು ಕಡೆ ಅಕ್ಕಪಕ್ಕದ ದಶಕಗಳನ್ನು ಕೂಡಿಸಿ ಇಪ್ಪತ್ತು ವರ್ಷದ ಒಂದೇ ದರವಾಗಿ ತೆಗೆದುಕೊಳ್ಳುತ್ತೇನೆ.